ಉಪಗ್ರಹ ಕಂಡ ಮಳೆ, ಹೊಲ ಕಂಡ ಮಳೆ

ಗೋವಾದಲ್ಲಿ ನೆಲೆಸಿರುವ ನಮ್ಮ ಕನ್ನಡ ಕುಟುಂಬಗಳಿಗೆ ಜೂನ್ ತಿಂಗಳು ಬಂತೆಂದರೆ ಎರಡು ಆಕಾಶಗಳ ಚಿಂತೆ. ಒಂದು ಇಲ್ಲಿ ನಮ್ಮ ತಲೆಯ ಮೇಲಿರುವ ಆಕಾಶ. ಇನ್ನೊಂದು ಗದಗ, ಕೊಪ್ಪಳ, ಬಾಗಲಕೋಟೆ, ವಿಜಯಪುರದ ಕಡೆ ಅಣ್ಣತಮ್ಮಂದಿರ ಕೈಯಲ್ಲಿ ಬಿಟ್ಟುಬಂದಿರುವ ಹೊಲದ ಮೇಲಿನ ಆಕಾಶ. ಜೂನ್ 24ರ ಸಾಂವ್ ಜುವಾಂವ್ ಹಬ್ಬದ ದಿನ ಇಲ್ಲಿಯ ಹುಡುಗರು ತಲೆಗೆ ಹೂಬಳ್ಳಿ ಸುತ್ತಿಕೊಂಡು ತುಂಬಿದ ಬಾವಿಗೆ ಹಾರುತ್ತಾರೆ. ಅದೇ ಸಂಜೆ ನಾವು ಊರಿಗೆ ಫೋನು ಮಾಡಿ, ಹೆಸರು ಬಿತ್ತಿದಿರಾ, ಭೂಮಿ ಹದ ಆಯಿತಾ ಎಂದು ಕೇಳುತ್ತೇವೆ. ಗೋವಾದಲ್ಲಿ ಒಂದು ಮಳೆಗಾಲಕ್ಕೆ ಸುಮಾರು 3000 ಮಿಲಿಮೀಟರ್ ಮಳೆ. ಗದಗ, ವಿಜಯಪುರದ ಬಯಲಿನಲ್ಲಿ ಇಡೀ ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು. ಪಣಜಿಯಿಂದ ಗದಗಕ್ಕೆ ನೇರ ಗೆರೆ ಎಳೆದರೆ 200 ಕಿಲೋಮೀಟರ್ ಕೂಡ ಆಗಲಾರದು. ನಡುವೆ ಸಹ್ಯಾದ್ರಿ ನಿಂತಿದೆ, ಅಷ್ಟೇ.

ಈಚಿನ ವರ್ಷಗಳಲ್ಲಿ ಬರದ ಮಾತು ಬಂದಾಗಲೆಲ್ಲ ಉಪಗ್ರಹದ ಮಾತೂ ಬರುತ್ತಿದೆ. 2023ರ ಬರದಲ್ಲಂತೂ ಪತ್ರಿಕೆಗಳಲ್ಲಿ ಇದೇ ಚರ್ಚೆ. ಬಲಿಪೂಜೆಯ ನಂತರ ಅಂಗಳದಲ್ಲಿ ನಿಂತು ಮಾತನಾಡುವಾಗ ನಮ್ಮ ರೈತ ಬಾಂಧವರು ಎರಡು ಪ್ರಶ್ನೆ ಕೇಳುತ್ತಾರೆ. ಮೇಲಿನಿಂದ ಎಲ್ಲವೂ ಕಾಣುವುದಾದರೆ ಪರಿಹಾರಕ್ಕೆ ಇಷ್ಟು ತಡವೇಕೆ? ಮೊಬೈಲಿನ ನಕ್ಷೆಯಲ್ಲಿ ಮಳೆ ಬಿದ್ದಂತೆ ತೋರಿಸುತ್ತದೆ, ನಮ್ಮ ಹೊಲದಲ್ಲಿ ಹನಿಯಿಲ್ಲ, ಇದು ಹೇಗೆ? ಎರಡೂ ನ್ಯಾಯವಾದ ಪ್ರಶ್ನೆಗಳು. ಈ ಅಂಕಣದಲ್ಲಿ ಅವುಗಳ ಬಗ್ಗೆ ನಮ್ಮ ಅಭಿಪ್ರಾಯವನ್ನು ತಿಳಿಸಬಯಸುತ್ತೇವೆ.

ಮೊದಲು ಉಪಗ್ರಹ ಮಳೆಯನ್ನು ಹೇಗೆ ಅಳೆಯುತ್ತದೆ ಎಂಬುದನ್ನು ಸ್ವಲ್ಪ ತಿಳಿದುಕೊಳ್ಳೋಣ. ಪ್ರವಾದಿ ಎಲೀಯ ಕಾರ್ಮೆಲ್ ಬೆಟ್ಟದ ಮೇಲಿದ್ದು ತನ್ನ ಸೇವಕನನ್ನು ಸಮುದ್ರದ ಕಡೆ ನೋಡಿ ಬರಲು ಏಳು ಸಲ ಕಳುಹಿಸಿದ ಪ್ರಸಂಗ ನಮಗೆಲ್ಲ ಗೊತ್ತಿದೆ. ಆರು ಸಲ ಏನೂ ಕಾಣಲಿಲ್ಲ, ಏಳನೆಯ ಸಲ ಅಂಗೈಯಷ್ಟು ಮೋಡ ಕಂಡಿತು. ಉಪಗ್ರಹವೂ ಆ ಸೇವಕನ ಹಾಗೆ ಮೋಡವನ್ನು ನೋಡಿ ಬಂದು ಹೇಳುತ್ತದೆ. ಭೂಮಿಗೆ ಬಿದ್ದ ನೀರು ಅದಕ್ಕೆ ಕಾಣುವುದಿಲ್ಲ. 1983ರಲ್ಲಿ ಇನ್ಸಾಟ್-1ಬಿ ಹಾರಿದ ಮೇಲೆ ದೂರದರ್ಶನದ ವಾರ್ತೆಯ ಕೊನೆಗೆ ಬರುತ್ತಿದ್ದ ಮೋಡದ ಚಿತ್ರ ಹಿರಿಯರಿಗೆ ನೆನಪಿರಬಹುದು. ಇಂಥ ಉಪಗ್ರಹಗಳು ಮೋಡದ ನೆತ್ತಿ ಎಷ್ಟು ತಂಪಾಗಿದೆ ಎಂಬುದನ್ನು ಅಳೆಯುತ್ತವೆ. ಮೋಡ ಎತ್ತರಕ್ಕೆ ಬೆಳೆದಷ್ಟೂ ಅದರ ನೆತ್ತಿ ತಣ್ಣಗಿರುತ್ತದೆ. ತಣ್ಣಗಿನ ನೆತ್ತಿಯ ಮೋಡ ಎಷ್ಟು ಹೊತ್ತು ಒಂದು ಊರಿನ ಮೇಲೆ ನಿಂತಿತ್ತು ಎಂಬುದರ ಮೇಲೆ ಇಷ್ಟು ಮಳೆ ಬಿದ್ದಿರಬೇಕು ಎಂದು ಲೆಕ್ಕ ಹಾಕುತ್ತಾರೆ.

1997ರ ನವೆಂಬರಿನಲ್ಲಿ ಅಮೆರಿಕ ಮತ್ತು ಜಪಾನ್ ಸೇರಿ ಹಾರಿಸಿದ ಟ್ರಿಮ್ ಎಂಬ ಉಪಗ್ರಹ ಮೋಡದ ಒಳಗಿನ ಹನಿಗಳನ್ನೇ ರೇಡಾರಿನಿಂದ ತಡವಿ ನೋಡಲು ಶುರುಮಾಡಿತು. ಅದು 2015ರವರೆಗೆ ಕೆಲಸ ಮಾಡಿತು. ಅದರ ಜಾಗಕ್ಕೆ 2014ರ ಫೆಬ್ರವರಿಯಲ್ಲಿ ಜಿ.ಪಿ.ಎಂ. ಎಂಬ ಇನ್ನೊಂದು ಬಂತು. ನಮ್ಮ ಇಸ್ರೋ ಫ್ರಾನ್ಸಿನೊಡನೆ ಸೇರಿ 2011ರಲ್ಲಿ ಮೇಘಾ-ಟ್ರಾಪಿಕ್ಸ್ ಹಾರಿಸಿತ್ತು. ಅದರ ಕೆಲಸ ಮುಗಿದ ಮೇಲೆ 2023ರ ಮಾರ್ಚ್ 7ರಂದು ಅದನ್ನು ಜೋಪಾನವಾಗಿ ಶಾಂತಸಾಗರದ ಮೇಲೆ ಇಳಿಸಿ ಉರಿಸಿಬಿಟ್ಟರು. 2024ರ ಫೆಬ್ರವರಿಯಲ್ಲಿ ಇನ್ಸಾಟ್-3ಡಿಎಸ್ ಹಾರಿತು. ಈ ಎಲ್ಲ ಉಪಗ್ರಹಗಳ ಲೆಕ್ಕವನ್ನು ಕೂಡಿಸಿ ಅರ್ಧ ಗಂಟೆಗೊಂದು ಮಳೆನಕ್ಷೆ ತಯಾರಾಗುತ್ತದೆ. ಮೊದಲ ಅಂದಾಜು ನಾಲ್ಕೈದು ಗಂಟೆಯೊಳಗೆ ಲೋಕಕ್ಕೆಲ್ಲ ಬಿಟ್ಟಿಯಾಗಿ ಸಿಗುತ್ತದೆ. ಇದು ಸಣ್ಣ ಉಪಕಾರವಲ್ಲ. 1984-85ರ ಇಥಿಯೋಪಿಯದ ಕ್ಷಾಮದಲ್ಲಿ ಜನ ಸತ್ತ ಮೇಲೆ ಲೋಕಕ್ಕೆ ಸುದ್ದಿ ಮುಟ್ಟಿತು. ಆ ನಾಚಿಕೆಯಿಂದಲೇ 1985ರಲ್ಲಿ ಕ್ಷಾಮದ ಮುನ್ನೆಚ್ಚರಿಕೆಯ ಒಂದು ಜಾಲವನ್ನು ಅಮೆರಿಕ ಸರಕಾರ ಕಟ್ಟಿತು. ಮಳೆಮಾಪಕಗಳೇ ವಿರಳವಾಗಿರುವ ಆಫ್ರಿಕದ ನಾಡುಗಳಲ್ಲಿ ಉಪಗ್ರಹದ ಲೆಕ್ಕವೇ ಮುಖ್ಯ ಸಾಕ್ಷಿ. ಕ್ಯಾಲಿಫೋರ್ನಿಯದ ಸಾಂತಾ ಬಾರ್ಬರಾ ವಿಶ್ವವಿದ್ಯಾಲಯದವರು 1981ರಿಂದ ಈಚಿನ ಮಳೆಯನ್ನೆಲ್ಲ ಉಪಗ್ರಹ ಮತ್ತು ಮಳೆಮಾಪಕ ಎರಡನ್ನೂ ಹೊಂದಿಸಿ ಬರೆದಿಟ್ಟಿದ್ದಾರೆ. ಈ ವರ್ಷದ ಮಳೆ ನಲವತ್ತು ವರ್ಷದ ವಾಡಿಕೆಗಿಂತ ಎಷ್ಟು ಕಡಿಮೆ ಎಂಬುದನ್ನು ಅದರಿಂದ ಕೂಡಲೇ ಹೇಳಬಹುದು.

ಇಷ್ಟೆಲ್ಲ ಇದ್ದರೂ ನಮ್ಮ ಹೊಲದ ಮಳೆ ಏಕೆ ತಪ್ಪಿಹೋಗುತ್ತದೆ? ಒಂದು ಕಾರಣ ಸುಲಭವಾಗಿ ತಿಳಿಯುವಂಥದು. ಉಪಗ್ರಹದ ನಕ್ಷೆ ಚೌಕಗಳಿಂದ ಆಗಿದೆ. ಜಿ.ಪಿ.ಎಂ. ನಕ್ಷೆಯ ಒಂದು ಚೌಕ ಸುಮಾರು 11 ಕಿಲೋಮೀಟರ್ ಉದ್ದ, ಅಷ್ಟೇ ಅಗಲ. ಎಂದರೆ ಮೂವತ್ತು ಸಾವಿರ ಎಕರೆ. ಇಡೀ ಗೋವಾ ರಾಜ್ಯ ಸುಮಾರು ಮೂವತ್ತು ಚೌಕಗಳಲ್ಲಿ ಮುಗಿದುಹೋಗುತ್ತದೆ. ಸಾಂತಾ ಬಾರ್ಬರಾದವರ ಚೌಕ ಚಿಕ್ಕದು, ಆದರೂ ಏಳು ಸಾವಿರ ಎಕರೆಗೆ ಕಡಿಮೆಯಿಲ್ಲ. ಆ ಚೌಕದಲ್ಲಿ ನಾಲ್ಕು ಎಕರೆ ಎರೆ ಭೂಮಿ ಇರುವವನು ಎಲ್ಲಿ? ಎತ್ತಿನ ಒಂದು ಕೊಂಬಿಗೆ ಮಳೆ, ಇನ್ನೊಂದಕ್ಕೆ ಇಲ್ಲ ಎಂದು ನಮ್ಮ ಹಿರಿಯರು ಹೇಳುತ್ತಿದ್ದುದು ಇಂಥ ಮಳೆಯನ್ನೇ.

ಎರಡನೆಯ ಕಾರಣ ನಮಗೆ ಇನ್ನೂ ಹತ್ತಿರದ್ದು, ಏಕೆಂದರೆ ಅದು ನಮ್ಮ ಸಹ್ಯಾದ್ರಿಯ ಕಾರಣ. ಅರಬ್ಬೀ ಸಮುದ್ರದಿಂದ ಬರುವ ಮುಂಗಾರು ಗಾಳಿ ಘಟ್ಟಕ್ಕೆ ಬಡಿದು ಮೇಲೇರುವಾಗ ತಗ್ಗಿನಲ್ಲಿಯೇ ದಟ್ಟ ಮೋಡ ಕಟ್ಟಿ ಸುರಿದುಬಿಡುತ್ತದೆ. ವಾಳಪೈ, ಸಾಂಗೆಯ ಮಳೆಯನ್ನು ಕಂಡವರಿಗೆ ಇದನ್ನು ಹೇಳಬೇಕಾಗಿಲ್ಲ. ಆ ಮೋಡದ ನೆತ್ತಿ ಬಹಳ ಎತ್ತರಕ್ಕೆ ಹೋಗುವುದಿಲ್ಲ, ಅಷ್ಟು ತಣ್ಣಗಾಗುವುದೂ ಇಲ್ಲ. ಆದುದರಿಂದ ಉಪಗ್ರಹ ಘಟ್ಟದ ಈಚೆಯ ಮಳೆಯನ್ನು ಕಡಿಮೆ ಲೆಕ್ಕ ಹಾಕುತ್ತದೆ. ಘಟ್ಟ ದಾಟಿದ ಮೇಲೆ ಕಥೆ ತಿರುಗುಮುರುಗಾಗುತ್ತದೆ. ಅಲ್ಲಿ ಎತ್ತರದ ಮೋಡ ತೇಲಿಹೋಗುತ್ತದೆ, ಅದರಿಂದ ಹನಿಯೂ ಹೊರಡುತ್ತದೆ, ಆದರೆ ಕೆಳಗಿನ ಒಣಗಾಳಿಯಲ್ಲಿ ಅದು ನೆಲ ಮುಟ್ಟುವ ಮೊದಲೇ ಆವಿಯಾಗುತ್ತದೆ. ಉಪಗ್ರಹ ಅದನ್ನು ಮಳೆಯೆಂದೇ ಬರೆದುಕೊಳ್ಳುತ್ತದೆ. ಟ್ರಿಮ್ ಕಾಲದಿಂದಲೂ ಪಶ್ಚಿಮ ಘಟ್ಟದ ಎರಡು ಮಗ್ಗುಲಲ್ಲಿ ಈ ದೋಷವನ್ನು ವಿಜ್ಞಾನಿಗಳು ಗುರುತಿಸಿದ್ದಾರೆ. ಗೋವಾದ 3000 ಮಿಲಿಮೀಟರಿನಲ್ಲಿ ಸ್ವಲ್ಪ ಲೆಕ್ಕ ತಪ್ಪಿದರೆ ಯಾರ ಹೊಟ್ಟೆಯೂ ಹಸಿಯುವುದಿಲ್ಲ. ಮುಂಡರಗಿಯ ಕಡೆ ಆಗಸ್ಟ್ ತಿಂಗಳಲ್ಲಿ ಬೀಳದ ಹತ್ತು ಮಿಲಿಮೀಟರ್ ಮಳೆ ಬಿತ್ತೆಂದು ಕಾಗದದಲ್ಲಿ ಸೇರಿದರೆ ಅಲ್ಲಿ ಒಣಹವೆಯ ಸರಣಿಯೇ ಮುರಿದುಹೋಗುತ್ತದೆ. ಬರದ ಕೈಪಿಡಿಯ ಪ್ರಕಾರ ಮೂರು ನಾಲ್ಕು ವಾರ ಸತತವಾಗಿ ವಾಡಿಕೆಯ ಅರ್ಧಕ್ಕಿಂತ ಕಡಿಮೆ ಮಳೆಯಾದರೆ ತಾನೇ ಅದು ಒಣ ಅವಧಿ?

ಒಂದು ಮಾತನ್ನು ಇಲ್ಲಿ ನ್ಯಾಯವಾಗಿ ಹೇಳಬೇಕು. ಕರ್ನಾಟಕದಲ್ಲಿ ಬರ ಘೋಷಿಸುವಾಗ ಮಳೆಯ ಲೆಕ್ಕವನ್ನು ಉಪಗ್ರಹದಿಂದಲ್ಲ, ನೆಲದ ಮಳೆಮಾಪಕದಿಂದಲೇ ತೆಗೆದುಕೊಳ್ಳುತ್ತಾರೆ. ಈ ವಿಷಯದಲ್ಲಿ ಕರ್ನಾಟಕ ದೇಶಕ್ಕೇ ಮೇಲ್ಪಂಕ್ತಿ. 1988ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಬರ ನಿರ್ವಹಣಾ ಘಟಕ ಇಂದು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿ ಬೆಳೆದಿದೆ. ಗ್ರಾಮ ಪಂಚಾಯತಿಗೆ ಒಂದರಂತೆ ಆರು ಸಾವಿರಕ್ಕೂ ಹೆಚ್ಚು ತಾನಾಗಿಯೇ ವರದಿ ಕಳುಹಿಸುವ ಮಳೆಮಾಪಕಗಳನ್ನು ಅದು ನೆಟ್ಟಿದೆ. ಉಪಗ್ರಹದ ಪಾತ್ರ ಬರುವುದು ಮುಖ್ಯವಾಗಿ ಬೆಳೆಯ ಹಸಿರನ್ನು ನೋಡುವಲ್ಲಿ. ನಮ್ಮನ್ನು 2023ರಲ್ಲಿ ಕಾಡಿದ್ದು ಈ ಹಸಿರೇ.

ಆ ವರ್ಷ ಮುಂಗಾರು ಕೇರಳಕ್ಕೆ ಬಂದದ್ದೇ ಜೂನ್ 8ಕ್ಕೆ. ಮೃಗಶಿರ ಮಳೆ ಕೈಕೊಟ್ಟಿತು. ಹೆಸರು ಬಿತ್ತುವ ಹದ ಅನೇಕ ಕಡೆ ತಪ್ಪಿಹೋಯಿತು. ಜುಲೈಯಲ್ಲಿ ಒಳ್ಳೆಯ ಮಳೆ ಬಂತು, ಜನ ಸಾಲ ತೆಗೆದು ತಡವಾಗಿ ಬಿತ್ತಿದರು, ಬೆಳೆ ಎದ್ದು ಹಸಿರಾಯಿತು. ಆಗಸ್ಟ್ 5ರಂದು ಇಲ್ಲಿ ರಾಯ್ ಗ್ರಾಮದ ದೇವಾಲಯದಲ್ಲಿ ಹೊಸ ಭತ್ತದ ತೆನೆಯನ್ನು ಆಶೀರ್ವದಿಸುವ ಹೊತ್ತಿಗೆ ಅಲ್ಲಿ ಮಳೆ ಕಾಲು ಕಿತ್ತಿತ್ತು. ಆ ಆಗಸ್ಟ್ ಇಡೀ ದೇಶಕ್ಕೆ 1901ರಿಂದ ಈಚೆಗೆ ಅತ್ಯಂತ ಒಣ ಆಗಸ್ಟ್. ಹೂ ಬಿಡುವ, ಕಾಳು ಕಟ್ಟುವ ಸಮಯಕ್ಕೆ ನೀರಿಲ್ಲ. ಗಿಡ ಹಸಿರಾಗಿ ನಿಂತಿತು, ಒಳಗೆ ಕಾಳಿಲ್ಲ. ಅಕ್ಟೋಬರಿನಲ್ಲಿ ಕೇಂದ್ರದ ತಂಡ ನೋಡಲು ಬಂದಾಗ ರಾಜ್ಯ ಸರಕಾರ ಇದಕ್ಕೆ ‘ಹಸಿರು ಬರ’ ಎಂಬ ಹೆಸರು ಹೇಳಿ ವಿವರಿಸಬೇಕಾಯಿತು. ಮೇಲಿನಿಂದ ನೋಡಿದರೆ ಹಸಿರು ಹಸಿರೇ. ಮೆಕ್ಕೆಜೋಳದ ತೆನೆಯ ಸಿಪ್ಪೆ ಸುಲಿದು ನೋಡುವ ಕೈ ಉಪಗ್ರಹಕ್ಕಿಲ್ಲ. ಆ ಕೆಲಸಕ್ಕಾಗಿಯೇ ಕೈಪಿಡಿ ಶೇಕಡಾ ಹತ್ತರಷ್ಟು ಹಳ್ಳಿಗಳಲ್ಲಿ ಹೊಲಕ್ಕೆ ಇಳಿದು ನೋಡಬೇಕೆಂದು ಹೇಳುತ್ತದೆ. ಹಿಂದಿನ ಕಾಲದ ಆಣೆವಾರಿಯನ್ನು ನಮ್ಮ ಜನ ಎಷ್ಟೇ ಬೈದಿರಲಿ, ಅದರಲ್ಲಿ ಒಬ್ಬ ಮನುಷ್ಯ ಬದುವಿನ ಮೇಲೆ ಬಂದು ನಿಲ್ಲುತ್ತಿದ್ದ.

ಈಗ ತಡದ ಪ್ರಶ್ನೆ. ಸೆಪ್ಟೆಂಬರ್ 13ರಂದು 195 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಿದರು. ನವೆಂಬರ್ ವೇಳೆಗೆ 236ರಲ್ಲಿ 223 ತಾಲ್ಲೂಕುಗಳು ಆ ಪಟ್ಟಿಯಲ್ಲಿದ್ದವು. ರಾಜ್ಯ ಕೇಂದ್ರವನ್ನು ಕೇಳಿದ್ದು 18,171 ಕೋಟಿ ರೂಪಾಯಿ. ಹೊಸ ವರ್ಷದಲ್ಲಿ ರಾಜ್ಯವೇ ಮೊದಲ ಕಂತೆಂದು ರೈತರಿಗೆ ಎರಡು ಸಾವಿರ ರೂಪಾಯಿಯವರೆಗೆ ಕೊಟ್ಟಿತು. 2024ರ ಮಾರ್ಚಿನಲ್ಲಿ ವಿಷಯ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ಏಪ್ರಿಲ್ ಕೊನೆಯಲ್ಲಿ ಕೇಂದ್ರ 3,454 ಕೋಟಿ ಬಿಡುಗಡೆ ಮಾಡಿತು. ಯಾರ ವಾದ ಸರಿ ಎಂಬ ರಾಜಕೀಯಕ್ಕೆ ನಾವು ಇಳಿಯುವುದಿಲ್ಲ. ಆದರೆ ಮಳೆಯ ಲೆಕ್ಕ ನಾಲ್ಕೈದು ಗಂಟೆಗೆ ಸಿಗುವ ಕಾಲದಲ್ಲಿ ಆಗಸ್ಟಿನ ಬರಕ್ಕೆ ಏಪ್ರಿಲಿನಲ್ಲಿ ಹಣ ಬಂದರೆ ಆ ಲೆಕ್ಕದ ವೇಗದಿಂದ ಒಕ್ಕಲಿಗನಿಗೆ ಏನಾಯಿತು ಎಂದು ಕೇಳುವ ಹಕ್ಕು ನಮಗಿದೆ. ಒಣಬೇಸಾಯಕ್ಕೆ ಪರಿಹಾರದ ದರ ಆಗ ಹೆಕ್ಟೇರಿಗೆ 8,500 ರೂಪಾಯಿ ಇತ್ತು, ಅದೂ ಎರಡು ಹೆಕ್ಟೇರಿನ ಮಿತಿಯಲ್ಲಿ. ಎಕರೆಗೆ ಮೂರೂವರೆ ಸಾವಿರವೂ ಆಗದ ಈ ಹಣ ಹಿಂಗಾರಿ ಕಡಲೆ ಬೀಜಕ್ಕೆ ಬಂದಿದ್ದರೆ ಉಪಯೋಗಕ್ಕೆ ಬರುತ್ತಿತ್ತು. ಎತ್ತು ಮಾರಿ, ಬಡ್ಡಿ ಸಾಲ ತೆಗೆದ ಮೇಲೆ ಬಂದ ಹಣ ಬಡ್ಡಿಗೇ ಹೋಯಿತು.

ನಮ್ಮ ಅಭಿಪ್ರಾಯದಲ್ಲಿ ಉಪಗ್ರಹದ ಮಾತನ್ನು ಮೊದಲ ಕಂತಿಗೆ ಸಾಕು ಎಂದು ಒಪ್ಪಿಕೊಳ್ಳಬೇಕು, ಕೊನೆಯ ತೀರ್ಪಿಗೆ ಸಾಲದು ಎಂದೂ ಒಪ್ಪಿಕೊಳ್ಳಬೇಕು. ಮೇಲಿನ ಕಣ್ಣಿಗೂ ಪಂಚಾಯತಿಯ ಮಳೆಮಾಪಕಕ್ಕೂ ಬರ ಕಂಡ ಕೂಡಲೇ ಸಣ್ಣದೊಂದು ಮೊತ್ತ ಖಾತೆಗೆ ಬರಲಿ. ಹೊಲಕ್ಕೆ ಇಳಿದು ನೋಡಿದ ಮೇಲೆ ಉಳಿದದ್ದು ಬರಲಿ. ಈಗ ನಡೆಯುತ್ತಿರುವುದು ಇದಕ್ಕೆ ಉಲ್ಟಾ. ಬೇಗ ಸಿಗುವ ಲೆಕ್ಕವನ್ನು ಕೈಯಲ್ಲಿಟ್ಟುಕೊಂಡು ಕೊನೆಯ ಕಾಗದಕ್ಕಾಗಿ ಕಾಯುತ್ತಾರೆ, ಕೊನೆಯ ಕಾಗದದಲ್ಲಿ ಹಸಿರು ಕಂಡಿತೆಂದು ತಕರಾರು ತೆಗೆಯುತ್ತಾರೆ.

ಬರವನ್ನು ಗುರುತಿಸಲು ಇನ್ನೊಂದು ಗುರುತು ಇದೆ, ಅದು ಯಾವ ನಕ್ಷೆಯಲ್ಲಿಯೂ ಇಲ್ಲ. ಅದು ನಾವೇ. ಹುಬ್ಬಳ್ಳಿ, ಲೋಂಡಾ, ಕ್ಯಾಸಲ್ ರಾಕ್ ಮಾರ್ಗವಾಗಿ ವಾಸ್ಕೋಗೆ ಇಳಿಯುವ ರೈಲಿನಲ್ಲಿ, ರಾತ್ರಿ ಬಸ್ಸುಗಳಲ್ಲಿ, ಚೀಲ ಪಾತ್ರೆ ಮಕ್ಕಳೊಡನೆ ಬರುವ ಕುಟುಂಬಗಳು ಯಾವ ತಿಂಗಳು ಹೆಚ್ಚಾದವು ಎಂಬುದು ವಾಸ್ಕೋ, ಝುವಾರಿನಗರ, ಮಡಗಾಂವಿನಲ್ಲಿ ಇರುವವರಿಗೆಲ್ಲ ಗೊತ್ತಾಗುತ್ತದೆ. ದೀಪಾವಳಿಯ ನಂತರ ಬರುವವರು ಸೆಪ್ಟೆಂಬರಿಗೇ ಬಂದರೆ ಊರಲ್ಲಿ ಏನೋ ಕೆಟ್ಟಿದೆ ಎಂದೇ ಅರ್ಥ. 1876-78ರ ಮಹಾಕ್ಷಾಮದಲ್ಲಿ ಧಾರವಾಡ ಮತ್ತು ಆಗಿನ ಕಲಾದಗಿ ಜಿಲ್ಲೆಗಳ ಜನ ಊರು ಬಿಟ್ಟು ಅಲೆದದ್ದನ್ನು ಇತಿಹಾಸ ಬರೆದಿಟ್ಟಿದೆ. ಆ ಕ್ಷಾಮದ ನಂತರ ಬ್ರಿಟಿಷರು ಬರೆದ ಕ್ಷಾಮ ಸಂಹಿತೆಗಳಲ್ಲಿ ಜನ ಗುಂಪುಗುಂಪಾಗಿ ಅಲೆಯುವುದನ್ನೂ ಕ್ಷಾಮದ ಒಂದು ಮುನ್ಸೂಚನೆಯಾಗಿ ಎಣಿಸಿದ್ದರು. ಪರಕೀಯ ಸರಕಾರ ನೂರ ನಲವತ್ತು ವರ್ಷಗಳ ಹಿಂದೆ ಎಣಿಸಿದ್ದನ್ನು ನಮ್ಮ ಕೈಪಿಡಿಗಳು ಇನ್ನಷ್ಟು ಗಂಭೀರವಾಗಿ ಎಣಿಸಬೇಡವೇ?

ಇಲ್ಲಿ ಇನ್ನೊಂದನ್ನೂ ನೆನೆಯಬೇಕು. ಗೋವಾದ ಮನೆಗಳ ತರಕಾರಿ ಬಹುಪಾಲು ಬೆಳಗಾವಿಯಿಂದ ಬರುತ್ತದೆ. ಘಟ್ಟದ ಮೇಲೆ ಮಳೆ ತಪ್ಪಿದರೆ ಮಾಪುಸಾ ಪೇಟೆಯಲ್ಲಿ ಟೊಮೇಟೊ ದರ ಏರುತ್ತದೆ. ಬರ ನಮ್ಮದಲ್ಲ ಎಂದು ಇಲ್ಲಿಯ ಕೊಂಕಣಿ ನೆರೆಯವರೂ ಹೇಳುವಂತಿಲ್ಲ. ಅವರಿಗೂ ತಮ್ಮದೇ ಒಣಗಾಲವಿದೆ. ಖಾಜನ ಗದ್ದೆಯ ಉಪ್ಪು ತೊಳೆದುಹೋಗಲು ಜೂನಿನ ಮಳೆ ಬೇಕು, ಮೇಲಿನ ಮೊರಡ ಗದ್ದೆಯಲ್ಲಿ ಹತ್ತು ಹದಿನೈದು ದಿನ ಮಳೆ ನಿಂತರೂ ಸಸಿ ಬಾಡುತ್ತದೆ. ವರ್ಷದ ಮೊತ್ತ ನೋಡಿದರೆ ಇದು ಕಾಣುವುದೇ ಇಲ್ಲ.

ಆರೋಗ್ಯದ ಮಾತು. ಬರ ಬಂದಾಗ ಮೊದಲು ತಾಟಿನಿಂದ ಮರೆಯಾಗುವುದು ಬೇಳೆ ಮತ್ತು ಹಾಲು. ರೊಟ್ಟಿ, ಅನ್ನ, ಖಾರ ಉಳಿಯುತ್ತದೆ. ಹೊಟ್ಟೆ ತುಂಬಿದಂತೆ ಕಾಣುತ್ತದೆ, ಬಸುರಿ ಬಾಣಂತಿಯರ ರಕ್ತ ಕಡಿಮೆಯಾಗುತ್ತದೆ, ಮಕ್ಕಳ ತೂಕ ನಿಲ್ಲುತ್ತದೆ. ಇದೂ ಒಂದು ಹಸಿರು ಬರವೇ. ಕೊಳವೆಬಾವಿಯ ನೀರು ಆಳಕ್ಕೆ ಇಳಿದಂತೆಲ್ಲ ಗದಗ, ಕೊಪ್ಪಳ, ವಿಜಯಪುರದ ಕಡೆ ಫ್ಲೋರೈಡಿನ ತೊಂದರೆ ಹೆಚ್ಚುತ್ತದೆ. ಹಲ್ಲು ಕಂದು ಬಣ್ಣಕ್ಕೆ ತಿರುಗಿದ ಮಕ್ಕಳನ್ನು ನಾವೆಲ್ಲ ಕಂಡಿದ್ದೇವೆ. ಊರಲ್ಲಿ ಉಳಿದ ಅಜ್ಜ ಅಜ್ಜಿ ಮೊಮ್ಮಕ್ಕಳು ಶುದ್ಧ ನೀರಿನ ಘಟಕದ ನೀರನ್ನೇ ಕುಡಿಯುವಂತೆ ಫೋನಿನಲ್ಲಿ ಒತ್ತಿ ಹೇಳಿರಿ. ಇಲ್ಲಿಗೆ ಬಂದವರು ಪಡಿತರ ಬಿಡಬಾರದು. 2020ರ ಜನವರಿಯಿಂದ ಕರ್ನಾಟಕ ಮತ್ತು ಗೋವಾ ಎರಡೂ ಒಂದು ದೇಶ ಒಂದು ಪಡಿತರ ಚೀಟಿ ಯೋಜನೆಯಲ್ಲಿವೆ. ಆಧಾರ್ ಜೋಡಿಸಿದ ಊರಿನ ಚೀಟಿಯಿಂದಲೇ ಇಲ್ಲಿಯ ನ್ಯಾಯಬೆಲೆ ಅಂಗಡಿಯಲ್ಲಿ ಬೆರಳಚ್ಚು ಕೊಟ್ಟು ತಲೆಗೆ ಐದು ಕಿಲೋ ಧಾನ್ಯ ಪಡೆಯಬಹುದು. ಅರ್ಧ ಕುಟುಂಬ ಅಲ್ಲಿ, ಅರ್ಧ ಇಲ್ಲಿ ಇದ್ದರೂ ಪಾಲು ಮಾಡಿ ಪಡೆಯಲು ಬರುತ್ತದೆ. ಕರ್ನಾಟಕ ತನ್ನ ಪಾಲಿನಿಂದ ಕೊಡುವ ಹೆಚ್ಚಿನ ಪಡಿತರ ಮಾತ್ರ ಇಲ್ಲಿ ಸಿಗದು. ಮೂರರಿಂದ ಆರು ವರ್ಷದ ಮಕ್ಕಳಿದ್ದರೆ ಹತ್ತಿರದ ಅಂಗನವಾಡಿಗೆ ಹೆಸರು ಬರೆಸಿರಿ, ಭಾಷೆ ಬರುವುದಿಲ್ಲವೆಂದು ಹಿಂಜರಿಯಬೇಡಿ. ಮಕ್ಕಳಿಗೆ ತಿಂಗಳೊಳಗೆ ಕೊಂಕಣಿ ಬರುತ್ತದೆ, ನಮಗೆ ಬರುವುದೇ ತಡ.

ಇನ್ನು ನಮ್ಮ ಕೈಯಲ್ಲಿರುವ ಕೆಲಸ. 2023ರ ಬರದ ಪರಿಹಾರ ಹೋದದ್ದು ಫ್ರೂಟ್ಸ್ ಎಂಬ ಸರಕಾರಿ ರೈತ ದಾಖಲೆಯ ಮೂಲಕ. ಅದರಲ್ಲಿ ಗುರುತಿನ ಸಂಖ್ಯೆ ಇಲ್ಲದವರಿಗೆ, ಉತಾರದಲ್ಲಿ ಸತ್ತುಹೋದ ಅಜ್ಜನ ಹೆಸರೇ ಉಳಿದವರಿಗೆ ಹಣ ಬರುವುದು ಕಷ್ಟವಾಯಿತು. ಗೋವಾದಲ್ಲಿರುವ ನಮ್ಮಂಥವರ ಹೊಲಗಳಲ್ಲಿಯೇ ಇಂಥ ಹಳೆಯ ಹೆಸರುಗಳು ಹೆಚ್ಚು, ಏಕೆಂದರೆ ವಾರಸಾ ಮಾಡಿಸಲು ಯಾರಿಗೂ ರಜೆಯಿಲ್ಲ. ಮುಂದಿನ ಸಲ ಊರಹಬ್ಬಕ್ಕೆ ಹೋದಾಗ ಎರಡು ದಿನ ಹೆಚ್ಚು ಇದ್ದು ಪೌತಿ ಖಾತೆ ಬದಲಾಯಿಸಿಕೊಂಡು ಬನ್ನಿರಿ. ಬೆಳೆ ಸಮೀಕ್ಷೆಯ ಸಮಯದಲ್ಲಿ ಹೊಲದಲ್ಲಿರುವವರು ಮೊಬೈಲಿನಿಂದ ಬೆಳೆಯ ಚಿತ್ರ ತೆಗೆದು ಸೇರಿಸಲಿ. ಫಸಲ್ ಬಿಮಾ ವಿಮೆಗೆ ಮುಂಗಾರಿ ಆಹಾರ ಬೆಳೆಗೆ ನಮ್ಮ ಕಂತು ವಿಮಾ ಮೊತ್ತದ ಶೇಕಡಾ ಎರಡು. 2023ರಿಂದ ಭತ್ತ ಮತ್ತು ಗೋಧಿಯ ಇಳುವರಿ ಅಂದಾಜಿನಲ್ಲಿ ಕನಿಷ್ಠ ಶೇಕಡಾ 30ರಷ್ಟು ತೂಕವನ್ನು ಉಪಗ್ರಹ ಮೊದಲಾದ ತಂತ್ರಜ್ಞಾನಕ್ಕೆ ಕೊಡುವ ಕ್ರಮ ಬಂದಿದೆ. ನಾಳೆ ಇದು ಜೋಳಕ್ಕೂ ಕಡಲೆಗೂ ಬರಬಹುದು. ಆಗ ಎದುರು ಮಾತನಾಡಲು ನಮ್ಮ ಹತ್ತಿರ ಬರೆದಿಟ್ಟ ಲೆಕ್ಕ ಇರಬೇಕು.

ಅದಕ್ಕೆ ದೊಡ್ಡ ಯಂತ್ರ ಬೇಡ. ಬಾಯಿಯಿಂದ ತಳದವರೆಗೆ ಒಂದೇ ಅಗಲ ಇರುವ ಒಂದು ಡಬ್ಬಿ, ಒಂದು ಅಳತೆ ಪಟ್ಟಿ ಸಾಕು. ಗಿಡ, ಗೋಡೆಯ ಎತ್ತರದ ಎರಡು ಪಟ್ಟು ದೂರದಲ್ಲಿ ಬಯಲಿಗೆ ಇಟ್ಟು, ಗಾಳಿಗೆ ಉರುಳದಂತೆ ಕಲ್ಲು ಒತ್ತಿ ನಿಲ್ಲಿಸಬೇಕು. ಹವಾಮಾನ ಇಲಾಖೆ ಮಳೆಯನ್ನು ಬರೆಯುವ ಹೊತ್ತು ಬೆಳಿಗ್ಗೆ ಎಂಟೂವರೆ. ಬೆಳಗಿನ ಬಲಿಪೂಜೆ ಮುಗಿಸಿ ಬಂದವರಿಗೆ ಸರಿಹೋಗುವ ಹೊತ್ತು. ನೀರಿನ ಎತ್ತರವನ್ನು ಮಿಲಿಮೀಟರಿನಲ್ಲಿ ಓದಿ, ತಾರೀಕಿನೊಡನೆ ಬರೆದು, ಡಬ್ಬಿ ಬರಿದು ಮಾಡಿ ಇಡಬೇಕು. ಮಳೆ ಬಾರದ ದಿನ ಸೊನ್ನೆ ಬರೆಯುವುದನ್ನು ಮರೆಯಬಾರದು, ಬರದ ವರ್ಷ ಉಪಯೋಗಕ್ಕೆ ಬರುವುದು ಆ ಸೊನ್ನೆಗಳೇ. ಎರಡೂವರೆ ಮಿಲಿಮೀಟರ್ ದಾಟಿದರೆ ಅದು ಮಳೆದಿನವೆಂದು ಲೆಕ್ಕ. ಒಂದು ಮಿಲಿಮೀಟರ್ ಮಳೆ ಎಂದರೆ ಎಕರೆಗೆ ನಾಲ್ಕು ಸಾವಿರ ಲೀಟರ್ ನೀರು, ಇದನ್ನು ಮಕ್ಕಳಿಗೆ ಹೇಳಿದರೆ ಅವರೇ ಉತ್ಸಾಹದಿಂದ ಅಳೆಯುತ್ತಾರೆ. ಈ ಪುಸ್ತಕವನ್ನು ಕಚೇರಿ ಒಪ್ಪದಿರಬಹುದು. ಆದರೆ ಪಂಚಾಯತಿಯ ಮಳೆಮಾಪಕ ಕೆಟ್ಟು ನಿಂತಿದೆಯೇ, ಅದರ ಲೆಕ್ಕಕ್ಕೂ ನಮ್ಮ ಮಗ್ಗುಲಿನ ಹಳ್ಳಿಗೂ ಎಷ್ಟು ಅಂತರ ಎಂಬುದು ಎರಡು ಮಳೆಗಾಲದಲ್ಲಿ ತಿಳಿದುಬರುತ್ತದೆ. ಹತ್ತು ಮನೆಯವರು ಒಂದೇ ಲೆಕ್ಕ ತೋರಿಸಿದರೆ ಗ್ರಾಮಸಭೆಯಲ್ಲಿ ಅದನ್ನು ತಳ್ಳಿಹಾಕುವುದು ಸುಲಭವಲ್ಲ.

ಇಲ್ಲಿ ಗದ್ದೆ ಮಾಡುವವರಿಗೆ ಹಳೇ ಗೋವಾದ ಎಲಾದಲ್ಲಿರುವ ಕೇಂದ್ರ ಕರಾವಳಿ ಕೃಷಿ ಸಂಶೋಧನಾ ಸಂಸ್ಥೆಯ ಸಲಹೆ ಸಿಗುತ್ತದೆ. ಊರಿನವರಿಗೆ ಹವಾಮಾನ ಇಲಾಖೆಯ ‘ಮೇಘದೂತ’ ಮೊಬೈಲಿನಲ್ಲಿ ಕನ್ನಡದಲ್ಲಿಯೇ ಬರುತ್ತದೆ. ಡಬ್ಬಿ ಇಡುವ ಮನೆಯವರು ತಮ್ಮ ಊರು, ತಾಲ್ಲೂಕಿನ ಹೆಸರನ್ನು ಬರೆದು ಧರ್ಮಕೇಂದ್ರದ ಕಚೇರಿಯಲ್ಲಿ ಕೊಟ್ಟರೆ, ಮೃಗಶಿರದಿಂದ ಸ್ವಾತಿಯವರೆಗಿನ ಲೆಕ್ಕವನ್ನು ಊರುವಾರು ಈ ಪುಟದಲ್ಲಿಯೇ ಅಚ್ಚು ಮಾಡುತ್ತೇವೆ.